ನಿದ್ದೆಯೊಳಗೆ ನುಗ್ಗುವ ರಾಕ್ಷಸ: ಆನಿಮೆ ನೋಡುಗರ ವಾದ ಏನನ್ನು ಕುರಿತದ್ದು?

ಬಳ್ಳಾರಿ: ಜಪಾನಿನ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಚಿತ್ರವು 2025ರ ಸೆಪ್ಟೆಂಬರ್ 12ರಂದು ಭಾರತದ ಚಿತ್ರಮಂದಿರಗಳಿಗೆ ಬಂದಾಗ ಐದು ಭಾಷೆಗಳಲ್ಲಿ ಬಂದಿತು. ಜಪಾನೀ, ಇಂಗ್ಲಿಷ್, ಹಿಂದಿ, ತಮಿಳು ಮತ್ತು ತೆಲುಗು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಬಳ್ಳಾರಿ ನಗರದ ಮಟ್ಟಿಗೆ ಇದು ಯಾರನ್ನೂ ಬಾಗಿಲಲ್ಲೇ ತಡೆದು ನಿಲ್ಲಿಸುವ ಕೊರತೆಯೇನಲ್ಲ. ಇಲ್ಲಿ ತೆಲುಗು ಅರ್ಥವಾಗದ ಮನೆಗಳು ಕಡಿಮೆ. ಸಿರುಗುಪ್ಪದಿಂದ ಆದೋನಿಯ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಅಂಗಡಿಗಳ ಹಲಗೆಗಳ ಲಿಪಿ ಬದಲಾಗುತ್ತದೆ. ಆದ್ದರಿಂದ ಈ ಭಾಗದ ಹುಡುಗರು ಇಂಥ ಚಿತ್ರಗಳನ್ನು ತೆಲುಗಿನಲ್ಲೋ ಹಿಂದಿಯಲ್ಲೋ ನೋಡುತ್ತಾರೆ, ಹೊರಗೆ ಬಂದು ಕನ್ನಡದಲ್ಲಿ ಚರ್ಚಿಸುತ್ತಾರೆ.

ಆ ಚರ್ಚೆ ಏನನ್ನು ಕುರಿತದ್ದು ಎಂಬುದು ಮನೆಯ ಹಿರಿಯರಿಗೆ ಬಹುತೇಕ ತಿಳಿಯುವುದಿಲ್ಲ. ‘ಕಾರ್ಟೂನು’ ಎಂಬ ಒಂದೇ ಪದದಲ್ಲಿ ಅವರು ಎಲ್ಲವನ್ನೂ ಮುಗಿಸಿಬಿಡುತ್ತಾರೆ. ಈ ಸರಣಿಯ ಹಿಂದಿನ ಚಿತ್ರವೊಂದರ ಕಾಳಗದ ಒಂದು ಮುಖ್ಯ ಭಾಗ ನಡೆಯುವುದು ನಿದ್ದೆಯೊಳಗೆ. ಕನಸನ್ನೇ ಆಯುಧ ಮಾಡಿಕೊಂಡ ರಾಕ್ಷಸನೊಬ್ಬನ ವಿರುದ್ಧ ಒಬ್ಬ ಹುಡುಗ ಹೋರಾಡುವ ಕತೆ ಅದು. ಅದರ ಬಗ್ಗೆ ನೋಡುಗರಲ್ಲಿರುವ ಭಿನ್ನಾಭಿಪ್ರಾಯಗಳನ್ನು ಬಿಡಿಸಿ ನೋಡಿದರೆ, ನಮ್ಮ ಬಯಲಾಟದ ಅಟ್ಟಕ್ಕೂ ತೊಗಲುಗೊಂಬೆಯ ಪರದೆಗೂ ಹೊಸದಲ್ಲದ ಒಂದು ಪ್ರಶ್ನೆ ಅಲ್ಲಿ ಸಿಗುತ್ತದೆ.

ರೈಲಿನಲ್ಲಿ ಮಲಗಿದವರು

‘ಆನಿಮೆ’ ಎಂಬುದು ಆನಿಮೇಷನ್ ಎಂಬ ಇಂಗ್ಲಿಷ್ ಪದವನ್ನು ಜಪಾನೀಯರು ಮೊಟಕುಗೊಳಿಸಿ ಮಾಡಿಕೊಂಡ ಪದ. ಹೊರಗಿನವರು ಅದನ್ನು ಜಪಾನಿನ ಚಿತ್ರಚಲನೆಗೆ ಮಾತ್ರ ಬಳಸುತ್ತಾರೆ. ‘ಡೀಮನ್ ಸ್ಲೇಯರ್’ ಮೂಲದಲ್ಲಿ ಕೊಯೊಹಾರು ಗೊತೊಗೆ ಬರೆದ ಚಿತ್ರಕಥೆ. 2016ರಿಂದ 2020ರವರೆಗೆ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 23 ಸಂಪುಟಗಳಲ್ಲಿ ಮುಗಿಯಿತು. 2019ರಲ್ಲಿ ಯುಫೊಟೇಬಲ್ ಸಂಸ್ಥೆ ಅದನ್ನು 26 ಕಂತುಗಳ ಟಿ.ವಿ. ಸರಣಿಯಾಗಿಸಿತು. ಅದರ ಮುಂದಿನ ಭಾಗವೇ 2020ರ ಅಕ್ಟೋಬರ್ 16ರಂದು ಜಪಾನಿನಲ್ಲಿ ತೆರೆಕಂಡ ‘ಮುಗೆನ್ ಟ್ರೇನ್’ ಚಿತ್ರ. ಹಾರುವೊ ಸೊತೊಝಾಕಿ ಇದರ ನಿರ್ದೇಶಕರು. ಕೊರೊನಾ ಕಾಲದಲ್ಲಿ ಜಗತ್ತಿನ ಚಿತ್ರಮಂದಿರಗಳು ಬಿಕೋ ಎನ್ನುತ್ತಿದ್ದಾಗ ಈ ಚಿತ್ರ ಜಪಾನಿನಲ್ಲಿ 4,000 ಕೋಟಿ ಯೆನ್‌ಗೂ ಹೆಚ್ಚು ಗಳಿಸಿ, 2001ರ ‘ಸ್ಪಿರಿಟೆಡ್ ಅವೇ’ ಚಿತ್ರದ ಹೆಸರಿನಲ್ಲಿದ್ದ ದಾಖಲೆಯನ್ನು ಮುರಿಯಿತು.

ಕತೆ ಹೀಗಿದೆ. ರಾತ್ರಿ ಹೊರಡುವ ಒಂದು ರೈಲಿನಲ್ಲಿ ಪ್ರಯಾಣಿಕರು ಕಾಣೆಯಾಗುತ್ತಿದ್ದಾರೆ. ಕಾರಣ ಹುಡುಕಲು ತಂಜಿರೊ ಎಂಬ ಹುಡುಗ ತನ್ನ ಸಂಗಡಿಗರೊಡನೆ ರೈಲು ಹತ್ತುತ್ತಾನೆ. ಅವನ ಮನೆಯವರನ್ನು ರಾಕ್ಷಸರು ಕೊಂದಿದ್ದಾರೆ, ಉಳಿದ ಒಬ್ಬಳೇ ತಂಗಿ ನೆಝುಕೊ ತಾನೇ ರಾಕ್ಷಸಿಯಾಗಿದ್ದಾಳೆ. ರೈಲಿನಲ್ಲಿ ಎನ್ಮು ಎಂಬ ರಾಕ್ಷಸನಿದ್ದಾನೆ. ಟಿಕೆಟ್ಟಿನ ಶಾಯಿಯಲ್ಲಿ ಅವನ ರಕ್ತ ಬೆರೆತಿದೆ. ಅಧಿಕಾರಿ ಬಂದು ಟಿಕೆಟ್ಟಿಗೆ ತೂತು ಹಾಕಿದೊಡನೆ ಪ್ರಯಾಣಿಕರೆಲ್ಲ ನಿದ್ದೆಗೆ ಜಾರುತ್ತಾರೆ. ಆಮೇಲೆ ಅವನು ಅವರಿಗೆ ತೋರಿಸುವುದು ಕೆಟ್ಟ ಕನಸನ್ನಲ್ಲ, ಅವರು ಬಯಸಿದ ಕನಸನ್ನೇ. ತಂಜಿರೊನ ಕನಸಿನಲ್ಲಿ ತಾಯಿ ಬದುಕಿದ್ದಾಳೆ, ತಮ್ಮಂದಿರು ತಂಗಿಯರು ಹಿಮದಲ್ಲಿ ಆಡುತ್ತಿದ್ದಾರೆ. ಎಚ್ಚರವಾಗಬೇಕಾದರೆ ಅವನು ಆ ತಾಯಿಯನ್ನು ಬಿಟ್ಟು, ಅಳುವ ತಮ್ಮನಿಗೆ ಬೆನ್ನು ಮಾಡಿ ನಡೆಯಬೇಕು.

ಈ ಪ್ರಸಂಗವನ್ನು ಕನ್ನಡದಲ್ಲಿ ವಿವರಿಸುವಾಗ ನಮ್ಮ ಭಾಷೆಯ ಒಂದು ಅನುಕೂಲ ಕಣ್ಣಿಗೆ ಬೀಳುತ್ತದೆ. ನಮಗೆ ಕನಸು ‘ಬೀಳುತ್ತದೆ’. ಕನಸನ್ನು ನಾವು ‘ಕಾಣುತ್ತೇವೆ’ ಕೂಡ. ಬೀಳುವುದು ನಮ್ಮ ಕೈಯಲ್ಲಿಲ್ಲ. ಮಗನನ್ನು ಡಾಕ್ಟರು ಮಾಡುವ ಕನಸು ಕಾಣುವುದು ನಮ್ಮದೇ ಕೆಲಸ. ಎನ್ಮುವಿನ ಕುತಂತ್ರ ಈ ಎರಡರ ನಡುವಿನ ಗೆರೆಯನ್ನು ಅಳಿಸುವುದರಲ್ಲಿದೆ. ಕಾಣುವ ಕನಸನ್ನು ಬೀಳುವ ಕನಸಿನ ಒಳಗೆ ಅಡಗಿಸಿ ಕೊಡುತ್ತಾನೆ. ಆದ್ದರಿಂದಲೇ ಅದರಿಂದ ಏಳಲು ಯಾರಿಗೂ ಮನಸ್ಸಾಗುವುದಿಲ್ಲ. ಮುಂದೆ ತಂಜಿರೊ ಸೋಲದಿದ್ದಾಗ ಅವನು ಉಪಾಯ ಬದಲಿಸಿ ನಿಜವಾದ ಕೆಟ್ಟ ಕನಸನ್ನು ತೋರಿಸುತ್ತಾನೆ. ಸತ್ತ ಮನೆಯವರು ಎದ್ದು ಬಂದು ‘ನೀನೊಬ್ಬ ಯಾಕೆ ಉಳಿದೆ’ ಎಂಬಂತೆ ಹಂಗಿಸುತ್ತಾರೆ. ತನ್ನವರು ಅಂಥ ಮಾತನ್ನು ಎಂದೂ ಆಡುವವರಲ್ಲ ಎಂಬ ಸಿಟ್ಟೇ ಹುಡುಗನನ್ನು ಆ ಕನಸಿನಿಂದ ಎಬ್ಬಿಸುತ್ತದೆ. ಇಡೀ ಚಿತ್ರದಲ್ಲಿ ಈ ಲೇಖಕನಿಗೆ ಅತ್ಯಂತ ಗಟ್ಟಿಯಾಗಿ ಕಂಡದ್ದು ಕತ್ತಿಯ ಯಾವ ವರಸೆಯೂ ಅಲ್ಲ, ಈ ಸಿಟ್ಟು.

ಮೆಚ್ಚಿದವರು, ಮೆಚ್ಚದವರು

ನೋಡುಗರ ಮೊದಲ ತಕರಾರು ಚಿತ್ರದ ಕಟ್ಟಡವನ್ನು ಕುರಿತದ್ದು. ರೈಲಿನ ಕತೆ ಮುಗಿಯುತ್ತಿದ್ದಂತೆ, ಅದುವರೆಗೆ ಸುಳಿವೇ ಇಲ್ಲದ ಅಕಾಝಾ ಎಂಬ ಇನ್ನೊಬ್ಬ ಪ್ರಬಲ ರಾಕ್ಷಸ ಪ್ರತ್ಯಕ್ಷನಾಗುತ್ತಾನೆ. ಹುಡುಗರಿಗೆ ಅಣ್ಣನಂತಿದ್ದ ವೀರ ರೆಂಗೊಕು ಅವನೊಡನೆ ಸೆಣಸಿ ಮಡಿಯುತ್ತಾನೆ. ಎರಡು ಕತೆಗಳನ್ನು ಒಂದಕ್ಕೊಂದು ಹೊಲಿದಿದ್ದಾರೆ, ಟಿ.ವಿ. ಸರಣಿ ನೋಡದವನಿಗೆ ತಲೆಬುಡ ತಿಳಿಯದು ಎಂಬುದು ಒಂದು ಪಕ್ಷದ ದೂರು. ದೂರಿನಲ್ಲಿ ಹುರುಳಿದೆ. ಚಿತ್ರ ಯಾರನ್ನೂ ಪರಿಚಯಿಸುವ ಗೋಜಿಗೆ ಹೋಗುವುದಿಲ್ಲ. ನಿರ್ಮಾಪಕರೇ 2021ರಲ್ಲಿ ಇದನ್ನು ಮತ್ತೆ ಏಳು ಟಿ.ವಿ. ಕಂತುಗಳಾಗಿ ವಿಂಗಡಿಸಿ ಪ್ರಸಾರ ಮಾಡಿದರು. ಇನ್ನೊಂದು ಪಕ್ಷದವರು ರೆಂಗೊಕುವಿನ ಸಾವಿಗೆ ಅತ್ತವರು. ಕನಸಿನಲ್ಲಿ ಮನೆಯವರನ್ನು ಎರಡನೆಯ ಸಲ ಕಳೆದುಕೊಂಡ ಹುಡುಗ, ಎಚ್ಚರದಲ್ಲಿ ಮತ್ತೊಬ್ಬನನ್ನು ಕಳೆದುಕೊಳ್ಳಬೇಕಾದದ್ದೇ ಕತೆಯ ತಿರುಳು ಎಂದು ಅವರ ವಾದ. ರಾತ್ರಿಯಿಡೀ ದೊಡ್ಡಾಟ ನೋಡಿ ಅಭ್ಯಾಸವಿರುವವರಿಗೆ ಈ ಎರಡನೆಯ ವಾದ ಬೇಗ ಹಿಡಿಸಬಹುದು. ಅಲ್ಲಿಯೂ ಪಾತ್ರ ಯಾರೆಂದು ಮೊದಲೇ ಗೊತ್ತಿರುತ್ತದೆ. ನೋಡಲು ಕೂರುವುದು ಅವನು ಹೇಗೆ ಬಂದ, ಹೇಗೆ ಬಿದ್ದ ಎಂಬುದನ್ನು.

ಕೆಟ್ಟ ಕನಸಿನ ವಿರುದ್ಧದ ಹೋರಾಟವನ್ನೇ ಮುಖ್ಯ ವಸ್ತುವಾಗಿಸಿಕೊಂಡ ಇನ್ನೊಂದು ಆನಿಮೆ ‘ಯುಮೆಕುಯಿ ಮೆರಿ’. ಕನಸು ತಿನ್ನುವ ಮೆರಿ ಎಂದು ಹೆಸರಿನ ಅರ್ಥ. ಯೊಶಿತಾಕಾ ಉಶಿಕಿ 2008ರಿಂದ 2020ರವರೆಗೆ ಬರೆದ ಚಿತ್ರಕಥೆಯ ಮೇಲೆ ಜೆ.ಸಿ. ಸ್ಟಾಫ್ ಸಂಸ್ಥೆ 2011ರ ಜನವರಿಯಿಂದ ಏಪ್ರಿಲ್‌ವರೆಗೆ 13 ಕಂತುಗಳನ್ನು ಮಾಡಿತು. ಕನಸಿನ ಲೋಕದಿಂದ ದಾರಿ ತಪ್ಪಿ ಮನುಷ್ಯರ ನಡುವೆ ಬಂದ ಹುಡುಗಿ ಮೆರಿ. ಅವಳಿಗೆ ಜತೆಯಾಗುವವನು ಇತರರಿಗೆ ಎಂಥ ಕನಸು ಬೀಳಲಿದೆ ಎಂದು ಊಹಿಸಬಲ್ಲ ಯುಮೆಜಿ. ಈ ಕತೆಯಲ್ಲಿ ಸ್ವಪ್ನಜೀವಿಯನ್ನು ಸುಮ್ಮನೆ ಕೊಲ್ಲುವಂತಿಲ್ಲ. ಅದು ನಾಶವಾದರೆ ಅದನ್ನು ಹೊತ್ತ ಮನುಷ್ಯನ ಬಯಕೆಯೂ ಆರಿಹೋಗುತ್ತದೆ. ‘ಯುಮೆ’ ಎಂಬ ಜಪಾನೀ ಪದಕ್ಕೂ ನಮ್ಮ ‘ಕನಸು’ ಪದದಂತೆಯೇ ಎರಡೂ ಅರ್ಥಗಳಿರುವುದರಿಂದ ಈ ಜಾಣ್ಮೆ ಅಲ್ಲಿ ಸಾಧ್ಯವಾಗಿದೆ. ಬಣ್ಣ, ವಿಚಿತ್ರ ಕೋನಗಳು, ಕನಸಿನ ಲೋಕದ ಕಲ್ಪನೆ ಇವನ್ನು ಮೆಚ್ಚಿದ ನೋಡುಗರೇ ಕತೆ ಕುಂಟುತ್ತದೆ, ಕೊನೆ ಕೊನೆಯಾಗುವುದಿಲ್ಲ ಎಂದು ದೂರಿದ್ದಾರೆ. ಮೂಲ ಕೃತಿ ಇನ್ನೂ ಒಂಬತ್ತು ವರ್ಷ ಮುಂದುವರಿಯಲಿದ್ದಾಗ 13 ಕಂತುಗಳಲ್ಲಿ ತೆರೆ ಎಳೆಯಬೇಕಾದವರು ತಮ್ಮದೇ ಒಂದು ಮುಕ್ತಾಯವನ್ನು ಕಟ್ಟಬೇಕಾಯಿತು. ದೂರು ನಿರ್ದೇಶಕರಿಗಿಂತ ಹೆಚ್ಚಾಗಿ ಆ ವ್ಯವಸ್ಥೆಗೆ ಸಲ್ಲಬೇಕು.

ಸತೋಶಿ ಕೊನ್ ಅವರ ‘ಪಪ್ರಿಕಾ’ (2006) ಚಿತ್ರವನ್ನು ಇಲ್ಲಿ ಹೆಸರಿಸಿ ಮುಂದುವರಿಯಬಹುದು. ರೋಗಿಗಳ ಕನಸನ್ನು ನೋಡುವ ಯಂತ್ರವೊಂದು ಕಳುವಾದಾಗ ಏನಾಗುತ್ತದೆ ಎಂಬ ಆ ಚಿತ್ರ ಸಂಪೂರ್ಣವಾಗಿ ದೊಡ್ಡವರಿಗೆ ಸೇರಿದ್ದು.

ಮೈರಾವಣನ ನೆನಪು

ಮಲಗಿದವರ ಮೇಲೆ ದಾಳಿ ಮಾಡುವ ಶತ್ರು ಕನ್ನಡ ನೋಡುಗನಿಗೆ ಅಪರಿಚಿತನಲ್ಲ. ಯಕ್ಷಗಾನ, ಬಯಲಾಟ, ತೊಗಲುಗೊಂಬೆ ಪರಂಪರೆಗಳಲ್ಲಿ ಬಾಳಿಬಂದ ‘ಮೈರಾವಣ ಕಾಳಗ’ದ ಕತೆ ಅದೇ. ವಾಲ್ಮೀಕಿ ರಾಮಾಯಣದಲ್ಲಿ ಈ ಪ್ರಸಂಗವಿಲ್ಲ. ಜನಪದರು ಕೈಬಿಡದೆ ಉಳಿಸಿಕೊಂಡ ಪ್ರಸಂಗವಿದು. ಪಾತಾಳದ ಒಡೆಯ ಮೈರಾವಣ ರಾವಣನಿಗೆ ನೆರವಾಗಲು ಬರುತ್ತಾನೆ. ಹನುಮಂತ ಬಾಲವನ್ನೇ ಕೋಟೆಯಾಗಿ ಸುತ್ತಿ ಪಾಳೆಯವನ್ನು ಕಾಯುತ್ತಾನೆ. ಆದರೂ ಮೈರಾವಣ ವೇಷ ಮರೆಸಿಕೊಂಡು ಒಳಹೊಕ್ಕು, ಇಡೀ ಕಪಿಸೇನೆಯನ್ನು ನಿದ್ದೆಗೆ ಕೆಡವಿ, ಮಲಗಿದ್ದ ರಾಮಲಕ್ಷ್ಮಣರನ್ನು ಬಲಿ ಕೊಡಲು ಪಾತಾಳಕ್ಕೆ ಹೊತ್ತೊಯ್ಯುತ್ತಾನೆ. ಅವರನ್ನು ಬಿಡಿಸಿ ತರುವವನು ನಿದ್ದೆಗೆ ಸೋಲದ ಹನುಮಂತ. ಮೈರಾವಣನ ಪ್ರಾಣ ಅವನ ಮೈಯಲ್ಲಿಲ್ಲ, ಬೇರೆ ಕಡೆ ಬಚ್ಚಿಟ್ಟ ದುಂಬಿಗಳಲ್ಲಿದೆ ಎಂದು ಹಲವು ಪಾಠಗಳು ಹೇಳುತ್ತವೆ. ಎನ್ಮುವಿನ ಪ್ರಾಣವೂ ಅವನ ಮೈಯಲ್ಲಿಲ್ಲ, ಅವನು ರೈಲಿನೊಡನೆಯೇ ಬೆರೆತುಹೋಗಿದ್ದಾನೆ. ಜಪಾನೀಯರು ನಮ್ಮಿಂದ ಪಡೆದರು ಎಂದು ಹೇಳುವ ಉದ್ದೇಶ ಇಲ್ಲಿಲ್ಲ. ಪಡೆದಿಲ್ಲವಾದ್ದರಿಂದಲೇ ಈ ಹೋಲಿಕೆ ಕುತೂಹಲಕರ.

ವ್ಯತ್ಯಾಸವೊಂದನ್ನು ಗಮನಿಸಬೇಕು. ನಮ್ಮ ಕತೆಯಲ್ಲಿ ಮಲಗಿದವರಿಗೆ ಕೆಲಸವಿಲ್ಲ. ಎಚ್ಚರವಿದ್ದವನೇ ಎಲ್ಲವನ್ನೂ ಮಾಡುತ್ತಾನೆ. ಜಪಾನೀ ಕತೆಯಲ್ಲಿ ಮಲಗಿದವನೇ ಕನಸಿನೊಳಗಿನಿಂದ ಹೋರಾಡಬೇಕು. ಹೊರಗಿರುವ ತಂಗಿ ಕೂಗಬಹುದು, ತಲೆಗೆ ಹೊಡೆಯಬಹುದು, ಕಟ್ಟಿದ ಹಗ್ಗವನ್ನು ಸುಡಬಹುದು. ಏಳಬೇಕಾದವನು ಅವನೇ. ಇಂದಿನ ಹುಡುಗರಿಗೆ ಈ ಕತೆ ಇಷ್ಟು ಹತ್ತಿರವಾಗಲು ಇದೂ ಒಂದು ಕಾರಣವಿರಬಹುದು.

ಜಪಾನಿನಲ್ಲಿ ಕೆಟ್ಟ ಕನಸನ್ನು ತಿನ್ನುವ ‘ಬಕು’ ಎಂಬ ಮೃಗದ ನಂಬಿಕೆಯಿದೆ. ಹೊಸವರ್ಷದ ಹೊತ್ತಿನಲ್ಲಿ ನಿಧಿಯ ಹಡಗಿನ ಚಿತ್ರವನ್ನು ದಿಂಬಿನ ಕೆಳಗಿಟ್ಟು ಮಲಗುವ ವಾಡಿಕೆಯಿತ್ತು. ಆ ಚಿತ್ರದ ಹಡಗಿನ ಪಟದ ಮೇಲೆ ಬಕುವಿನ ಹೆಸರನ್ನು ಬರೆಯುವುದುಂಟು. ನಮ್ಮ ಮನೆಗಳಲ್ಲಿ ಬೆಚ್ಚಿಬೀಳುವ ಮಗುವಿನ ತಲೆದೆಸೆಯಲ್ಲಿ ಕಬ್ಬಿಣದ ತುಂಡು ಇಡುವ, ಆಂಜನೇಯನ ಹೆಸರು ಹೇಳಿಸಿ ಮಲಗಿಸುವ ರೂಢಿಯನ್ನು ಬಲ್ಲ ಅಜ್ಜಿಯರಿಗೆ ಬಕು ಒಂದೇ ಮಾತಿನಲ್ಲಿ ಅರ್ಥವಾದೀತು.

ಪರದೆಯ ಹಿಂದಿನ ದನಿ

ನೆರಳಿನ ಚಿತ್ರವನ್ನು ಆಡಿಸಿ ಕತೆ ಹೇಳುವ ಕಲೆ ಬಳ್ಳಾರಿಗೆ ಸಿನಿಮಾಕ್ಕಿಂತ ಎಷ್ಟೋ ಹಳೆಯದು. ಬೆಳಗಲ್ಲು ವೀರಣ್ಣನವರು ಈ ನಗರದಿಂದಲೇ ತೊಗಲುಗೊಂಬೆಯಾಟವನ್ನು ದೂರದ ವೇದಿಕೆಗಳಿಗೆ ಒಯ್ದರು. ರಾಮಾಯಣಕ್ಕಷ್ಟೇ ನಿಲ್ಲದೆ ಗಾಂಧೀಜಿಯ ಬದುಕನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲಿನ ಮೇಲೆ ಬಿಡಿಸಿದರು. 2023ರಲ್ಲಿ ಅವರು ತೀರಿಕೊಂಡರು. ಹದಮಾಡಿದ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಚ್ಚಿ, ಕೀಲು ಜೋಡಿಸಿ, ದೀಪದ ಮುಂದೆ ಆಡಿಸುವ ಆ ಕೆಲಸ ಆನಿಮೆ ಮಾಡುವವರ ಕೆಲಸಕ್ಕೆ ತೀರ ದೂರದ್ದೇನಲ್ಲ.

ಈ ಕಲೆಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕಿಳ್ಳೇಕ್ಯಾತ ಸಮುದಾಯದ ಒಂದು ರೂಢಿ ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಅವರ ಮನೆಮಾತು ಮರಾಠಿಯ ಒಂದು ಬಗೆ. ಪರದೆಯ ಹಿಂದೆ ಕುಳಿತಾಗ ಮಾತ್ರ ಅವರು ಆಡುವುದು ನೋಡುವ ಊರಿನ ಭಾಷೆಯನ್ನು. ಇತ್ತ ಕನ್ನಡ, ಗಡಿಯ ಅತ್ತ ತೆಲುಗು. ಗೊಂಬೆ ಅದೇ, ದೀಪ ಅದೇ, ದನಿ ಊರಿನದು. ಇಂದು ಡಬ್ಬಿಂಗ್ ಎಂದು ಕರೆಯುವ ಕೆಲಸವನ್ನು ಅವರು ಯಾರ ಅಪ್ಪಣೆಗೂ ಕಾಯದೆ ಮಾಡುತ್ತಿದ್ದರು.

ಕರ್ನಾಟಕದಲ್ಲಿ ಡಬ್ಬಿಂಗ್ ವಿವಾದದ ಇತಿಹಾಸ ಓದುಗರಿಗೆ ತಿಳಿದದ್ದೇ. ಕನ್ನಡ ಚಿತ್ರರಂಗ ಇನ್ನೂ ಎಳೆಯದಾಗಿದ್ದಾಗ ಅದನ್ನು ಕಾಪಾಡಲು ಹುಟ್ಟಿದ ವಿರೋಧಕ್ಕೆ ಆ ಕಾಲದಲ್ಲಿ ಅರ್ಥವಿತ್ತು. ಮುಂದೆ ಅದೇ ಅಲಿಖಿತ ನಿಷೇಧವಾಗಿ ದಶಕಗಟ್ಟಲೆ ಮುಂದುವರಿಯಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಈ ತಡೆ ಕಾನೂನಿಗೆ ವಿರುದ್ಧವೆಂದು ಆದೇಶಿಸಿತು. 2017ರ ಮಾರ್ಚ್‌ನಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂದಿತು. 2009ರಲ್ಲೇ ಆರಂಭವಾದ ಚಿಂಟು ಟಿ.ವಿ. ಮಕ್ಕಳ ಕಾರ್ಟೂನುಗಳನ್ನು ಕನ್ನಡದಲ್ಲಿ ಕೊಟ್ಟಿದೆ. 2025ರ ಜುಲೈನಲ್ಲಿ ಬಂದ ‘ಮಹಾವತಾರ ನರಸಿಂಹ’ ಕನ್ನಡದಲ್ಲಿಯೂ ತೆರೆಕಂಡು, ಹಿರಣ್ಯಕಶಿಪುವನ್ನು ಚಿತ್ರಚಲನೆಯಲ್ಲಿ ನೋಡಲು ಇಡೀ ಸಂಸಾರಗಳು ಚಿತ್ರಮಂದಿರಕ್ಕೆ ಬರುತ್ತವೆಂದು ತೋರಿಸಿತು. ಅದಾಗಿ ಎರಡು ತಿಂಗಳೂ ಕಳೆಯುವ ಮೊದಲೇ ‘ಇನ್ಫಿನಿಟಿ ಕ್ಯಾಸಲ್’ ಕನ್ನಡವಿಲ್ಲದೆ ಬಂದಿತು. ಈಗ ಅಡ್ಡಿಯಾಗಿರುವುದು ಕಾನೂನಲ್ಲ. ಕನ್ನಡದವರು ಹೇಗಿದ್ದರೂ ತೆಲುಗಿನಲ್ಲಿ ನೋಡುತ್ತಾರೆ ಎಂಬ ವ್ಯಾಪಾರದ ಲೆಕ್ಕಾಚಾರವೇ ಅಡ್ಡಿ ಎಂದು ತೋರುತ್ತದೆ. ಆ ಲೆಕ್ಕಕ್ಕೆ ಬಳ್ಳಾರಿಯಂಥ ಗಡಿನಾಡು ತಾನಾಗಿಯೇ ಸಾಕ್ಷಿ ಒದಗಿಸುತ್ತಿದೆ ಎಂಬುದು ಬೇಸರದ ಸಂಗತಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಎರಡೂ ಭಾಷೆ ಬಲ್ಲ ಜನ ಎರಡೂ ಕಡೆ ಉಳಿದರು. ಎರಡು ಭಾಷೆ ಬಲ್ಲವನಿಗೆ ಅವುಗಳಲ್ಲಿ ಒಂದನ್ನು ಕೊಡದಿದ್ದರೂ ನಡೆಯುತ್ತದೆ ಎಂದು ತಿಳಿಯುವುದು ನ್ಯಾಯವಲ್ಲ.

ಕನ್ನಡದಲ್ಲಿ ಬಂದರೆ ಆಗುವ ಲಾಭ ಅಭಿಮಾನದ್ದಷ್ಟೇ ಅಲ್ಲ. ಒಂದು ಉದಾಹರಣೆ ನೋಡಿ. ಈ ಕತೆಯ ‘ಓನಿ’ಯನ್ನು ಇಂಗ್ಲಿಷಿನವರು ಡೀಮನ್ ಎಂದರು. ಕನ್ನಡದಲ್ಲಿ ಏನೆನ್ನಬೇಕು? ರಾಕ್ಷಸ ಎಂದರೆ ಹುಟ್ಟಿನಿಂದಲೇ ಬೇರೆ ಕುಲದವನು. ಈ ಕತೆಯ ಓನಿಗಳು ಒಂದು ಕಾಲಕ್ಕೆ ಮನುಷ್ಯರೇ ಆಗಿದ್ದು, ಮುಝಾನ್ ಎಂಬ ಒಡೆಯನ ರಕ್ತ ಸೋಂಕಿ ಹಾಗಾದವರು. ದೆವ್ವ ಎನ್ನೋಣವೆಂದರೆ ಅದಕ್ಕೆ ಮೈಯಿಲ್ಲ, ಇವರಿಗೆ ಮೈಯಿದೆ. ಮನುಷ್ಯಜನ್ಮದ ಹಿನ್ನೆಲೆಯುಳ್ಳ ‘ಬ್ರಹ್ಮರಾಕ್ಷಸ’ ಸ್ವಲ್ಪ ಹತ್ತಿರ ಬರುತ್ತಾನೆ. ತಂಜಿರೊ ಕೊಂದ ಮೇಲೆ ಓನಿಗಾಗಿ ಮರುಗುವುದು ಏಕೆಂದು ತೆಲುಗು, ಹಿಂದಿಯಲ್ಲಿ ಅರ್ಧಂಬರ್ಧ ಕೇಳಿದ ಕುರುಗೋಡಿನ ಹತ್ತು ವರ್ಷದ ಹುಡುಗನಿಗೆ ತಿಳಿಯಲಿಕ್ಕಿಲ್ಲ. ಅವನಿಗೆ ಉಳಿಯುವುದು ಕತ್ತಿ ಮತ್ತು ರಕ್ತ. ಭಾಷೆ ಪೂರ್ತಿಯಾಗಿ ತಲುಪಿದವನಿಗೆ ಆ ಮರುಕವೂ ತಲುಪುತ್ತದೆ. ಒಂದೇ ಚಿತ್ರದ ಬಗ್ಗೆ ಒಬ್ಬ ‘ಬರೀ ಹೊಡೆದಾಟ’ ಎಂದು, ಇನ್ನೊಬ್ಬ ‘ಕಣ್ಣೀರು ಬಂತು’ ಎಂದು ಹೇಳುವ ಭಿನ್ನತೆಯ ಒಂದು ಪಾಲು ಇಲ್ಲಿಂದ ಹುಟ್ಟುತ್ತದೆ.

ತಂದೆತಾಯಿಗಳು ತಿಳಿಯಬೇಕಾದದ್ದು

ಇನ್ನೊಂದು ಅಭಿಪ್ರಾಯಭೇದ ಹೆಚ್ಚು ಗಂಭೀರವಾದದ್ದು. ‘ಮುಗೆನ್ ಟ್ರೇನ್’ ಚಿತ್ರಕ್ಕೆ ಜಪಾನಿನಲ್ಲಿ ಸಿಕ್ಕದ್ದು 12 ವರ್ಷದೊಳಗಿನ ಮಕ್ಕಳಿಗೆ ಹಿರಿಯರ ಮಾರ್ಗದರ್ಶನ ಬೇಕೆನ್ನುವ ಪ್ರಮಾಣಪತ್ರ. ಅಮೆರಿಕದಲ್ಲಿ ಇನ್ನೂ ಕಟ್ಟುನಿಟ್ಟಾದ ‘ಆರ್’ ಪ್ರಮಾಣಪತ್ರ. ರಕ್ತಪಾತ ಒಂದೇ ಕಾರಣವೆಂದು ತಿಳಿದು ಸುಮ್ಮನಾಗಬಾರದು. ಕನಸಿನಿಂದ ಎಚ್ಚರಗೊಳ್ಳಲು ನಾಯಕ ಕಂಡುಕೊಳ್ಳುವ ದಾರಿ, ಕನಸಿನೊಳಗೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುವುದು. ಅದನ್ನು ಮತ್ತೆ ಮತ್ತೆ ಮಾಡಿ ಅಭ್ಯಾಸವಾದ ಅವನು, ಒಂದು ಹಂತದಲ್ಲಿ ಎಚ್ಚರವಿದ್ದೂ ಅದೇ ಕೆಲಸಕ್ಕೆ ಕೈಹಾಕುತ್ತಾನೆ. ಸಂಗಡಿಗ ಇನೊಸುಕೆ ಕೈ ಹಿಡಿದು, ಇದು ಕನಸಲ್ಲವೆಂದು ಗದರಿಸಿ ತಡೆಯುತ್ತಾನೆ. ಇದನ್ನು ಖಂಡಿಸುವವರು ಮಕ್ಕಳಿಗೆ ತೋರಿಸಬಾರದೆನ್ನುತ್ತಾರೆ. ಸಮರ್ಥಿಸುವವರು ಆ ತಡೆದ ಕೈಯೇ ಚಿತ್ರದ ಉತ್ತರವೆನ್ನುತ್ತಾರೆ. ಹದಿನೈದು ದಾಟಿದವರ ಮಟ್ಟಿಗೆ ಎರಡನೆಯ ಮಾತನ್ನು ಒಪ್ಪಬಹುದು. ಎಂಟು ಹತ್ತು ವರ್ಷದ ಮಗು ಹೊದಿಕೆಯೊಳಗೆ ಮೊಬೈಲಿನಲ್ಲಿ ಒಬ್ಬನೇ ನೋಡುವ ದೃಶ್ಯವಂತೂ ಇದಲ್ಲ.

ಮಗು ರಾತ್ರಿ ಹೆದರಿ ಎದ್ದರೆ ಚಿತ್ರವನ್ನೇ ದೂರುವ ಮೊದಲು ಒಂದು ಭೇದ ತಿಳಿದಿರಲಿ. ಕೆಟ್ಟ ಕನಸು ಬೀಳುವುದು ಬಹುತೇಕ ರಾತ್ರಿಯ ಉತ್ತರಾರ್ಧದಲ್ಲಿ, ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ದೆಯಲ್ಲಿ. ಮಗು ಪೂರ್ತಿ ಎಚ್ಚರಗೊಂಡು ಕನಸನ್ನು ವಿವರಿಸಬಲ್ಲದು. ಮಲಗಿದ ಮೊದಲ ಕೆಲವು ಗಂಟೆಗಳಲ್ಲೇ ಚೀರಿ ಎದ್ದು ಕೂತು, ಕರೆದರೂ ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲವೆಂದರೆ ಅದು ಬೇರೆ. ಗಾಢನಿದ್ದೆಯಿಂದ ಅರೆಬರೆ ಎಚ್ಚರವಾದಾಗ ಹಾಗಾಗುತ್ತದೆ. ಆಗ ಅಲುಗಾಡಿಸಿ ಎಬ್ಬಿಸದೆ, ಬೀಳದಂತೆ ನೋಡಿಕೊಂಡು ಪಕ್ಕದಲ್ಲಿದ್ದರೆ ಸಾಕು. ಪದೇ ಪದೇ ಬೀಳುವ ಕೆಟ್ಟ ಕನಸಿಗೆ ಮನೋವೈದ್ಯರು ಬಳಸುವ ಒಂದು ಕ್ರಮವೂ ಇದೆ. ಹಗಲಿನಲ್ಲಿ ಕುಳಿತು ಆ ಕನಸನ್ನು ಹೇಳಿಸಿ, ಅದರ ಕೊನೆಯನ್ನು ಬದಲಿಸಿ, ಬದಲಾದ ಕತೆಯನ್ನೇ ದಿನವೂ ಮನಸ್ಸಿನಲ್ಲಿ ಅಭ್ಯಾಸ ಮಾಡಿಸುವುದು. ಕತ್ತಿಯಿಲ್ಲದ ಈ ಹೋರಾಟ ದೊಡ್ಡವರಲ್ಲಿ ಫಲ ಕೊಟ್ಟಿರುವುದನ್ನು ಅಧ್ಯಯನಗಳು ತೋರಿಸಿವೆ. ಮಗು ಅಥವಾ ಹದಿಹರೆಯದವರು ಸಾಯುವ ಮಾತಾಡಿದರೆ ಮಾತ್ರ ಅದನ್ನು ಆಟವೆಂದು ತಳ್ಳಿಹಾಕಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಹೊಸದಾಗಿ ನೋಡಬಯಸುವ ಹಿರಿಯರಿಗೆ ಅನುಕ್ರಮವನ್ನು ಹೇಳಬೇಕಿದೆ. 2019ರ 26 ಕಂತುಗಳನ್ನು ಮೊದಲು ನೋಡಬೇಕು. ‘ಮುಗೆನ್ ಟ್ರೇನ್’ ಅದರ ನಂತರ. ಮೂರು ಚಿತ್ರಗಳ ಸಾಲಿನ ಮೊದಲನೆಯದಾದ ‘ಇನ್ಫಿನಿಟಿ ಕ್ಯಾಸಲ್’ಗೆ ಮುನ್ನ ಇನ್ನೂ ಮೂರು ಟಿ.ವಿ. ಭಾಗಗಳಿವೆ. ಅಷ್ಟು ವ್ಯವಧಾನವಿಲ್ಲದವರು ಸರಣಿಯ ಮೊದಲ ಕಂತನ್ನಾದರೂ ಮನೆಯ ಹುಡುಗನ ಪಕ್ಕದಲ್ಲಿ ಕುಳಿತು ನೋಡಲಿ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದರೆ ಅವನೇ ಕನ್ನಡದಲ್ಲಿ ಹೇಳುತ್ತಾನೆ.